‘ವೈನ್’ ಎಂಬ ಮಾತಿನ ಹುಟ್ಟು ಮತ್ತು ಹಾದಿ



ಮದ್ದೂರಿನಿಂದ ಮಳವಳ್ಳಿಯ ಮಾರ್ಗವಾಗಿ ಶಿವನಸಮುದ್ರದ ಜಲಪಾತಗಳನ್ನು ನೋಡಲು ಹೋಗುವವರಿಗೆ ದಾರಿಯ ಎರಡು ಪಕ್ಕಗಳಲ್ಲಿಯೂ ಕಾಣುವುದು ಕಬ್ಬು, ಬತ್ತ, ರಾಗಿ, ಹಿಪ್ಪುನೇರಳೆ ಮತ್ತು ತೆಂಗು. ದ್ರಾಕ್ಷಿಯ ಬಳ್ಳಿಯನ್ನು ನೋಡಬೇಕೆಂದರೆ ಹುಡುಕಿಕೊಂಡು ಹೋಗಬೇಕು. ಆದರೂ ದಾರಿಯಲ್ಲಿ ಒಂದು ದೊಡ್ಡ ಊರು ಬಂದಿತೆಂದರೆ, ಅಲ್ಲಿಯ ಒಂದು ಅಂಗಡಿಯ ಮೇಲೆ ‘ವೈನ್ಸ್’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿರುವುದು ತಪ್ಪುವುದಿಲ್ಲ. ದೇವರ ಹೆಸರೋ ಮನೆಯ ಮಗುವಿನ ಹೆಸರೋ ಮುಂದೆ. ‘ವೈನ್ಸ್’ ಎಂಬ ಮಾತು ಅದರ ಹಿಂದೆ. ಒಳಗೆ ಮಾರಾಟವಾಗುವುದಾದರೋ ಬಹುಮಟ್ಟಿಗೆ ರಮ್ಮು, ಬ್ರಾಂದಿ ಮತ್ತು ವಿಸ್ಕಿ. ದ್ರಾಕ್ಷಿಯ ಮದ್ಯವು ಅಲ್ಲಿ ಅಪರೂಪದ ಅತಿಥಿ. ಬಳ್ಳಿಯೂ ಇಲ್ಲದ, ಬಳ್ಳಿಯ ರಸವೂ ಇಲ್ಲದ ಕಡೆ ಬಳ್ಳಿಯ ಹೆಸರು ಬಂದು ಕುಳಿತಿರುವುದು ಹೇಗೆ? ಈ ಮಾತು ಎಲ್ಲಿ ಹುಟ್ಟಿತು, ಯಾವ ಹಾದಿಯಲ್ಲಿ ನಡೆದು ಕಾವೇರಿಯ ದಡಕ್ಕೆ ಬಂದಿತು ಎಂಬುದನ್ನು ಈ ಹೊತ್ತು ವಿಚಾರಮಾಡೋಣ. ಕುಡಿತದ ಗುಣದೋಷಗಳನ್ನು ಹೇಳುವುದು ವೈದ್ಯರ ಕೆಲಸ, ಹಿರಿಯರ ಕೆಲಸ. ನನ್ನದು ಮಾತಿನ ವಿಚಾರ. ಆದರೆ ಮಾತಿನ ವಿಚಾರವನ್ನು ಕೊನೆಯವರೆಗೂ ಹಿಡಿದು ಹೋದರೆ ಅದು ಬದುಕಿನ ಬಾಗಿಲಿಗೇ ಬಂದು ನಿಲ್ಲುತ್ತದೆ ಎಂಬುದನ್ನು ನೀವೇ ನೋಡುವಿರಿ.

ವೈನ್ ಎಂಬುದು ನಮಗೆ ಇಂಗ್ಲಿಷಿನಿಂದ ಬಂದ ಮಾತು. ಇಂಗ್ಲಿಷಿಗೆ ಅದು ಲ್ಯಾಟಿನ್ ಭಾಷೆಯಿಂದ, ಎಂದರೆ ಪ್ರಾಚೀನ ರೋಮನರ ಭಾಷೆಯಿಂದ ಬಂದಿತು. ಲ್ಯಾಟಿನ್ನಿನಲ್ಲಿ ಇದರ ರೂಪ ‘ವೀನುಮ್’. ದ್ರಾಕ್ಷಿಯ ಹಣ್ಣನ್ನು ಹಿಂಡಿ, ಆ ರಸವನ್ನು ಹುದುಗಲು ಬಿಟ್ಟು ಪಡೆದ ಪಾನೀಯಕ್ಕೆ ಈ ಹೆಸರು. ಹುದುಗದೆ ಇರುವ ಹೊಸ ರಸಕ್ಕೆ ರೋಮನರು ‘ಮುಸ್ತುಮ್’ ಎಂಬ ಬೇರೆ ಹೆಸರನ್ನೇ ಇಟ್ಟಿದ್ದರು. ಬಳ್ಳಿಗೆ ‘ವೀತಿಸ್’, ದ್ರಾಕ್ಷಿಯ ತೋಟಕ್ಕೆ ‘ವೀನೆಯ’, ಹಣ್ಣು ಕೀಳುವ ಸುಗ್ಗಿಗೆ ‘ವಿಂದೇಮಿಯ’. ನಮ್ಮ ರೈತನಿಗೆ ನಾಟಿ, ಕಳೆ, ಕೊಯ್ಲು, ಕಣ, ಮೆದೆ ಎಂದು ಬತ್ತದ ಸುತ್ತಲೂ ಒಂದು ಮಾತಿನ ಬಳಗವೇ ಇರುವಂತೆ ರೋಮನ್ ರೈತನಿಗೆ ದ್ರಾಕ್ಷಿಯ ಸುತ್ತಲೂ ಇತ್ತು. ಒಂದು ಪದಾರ್ಥವನ್ನು ಬೆಳೆದು ಬಾಳಿದವರ ಭಾಷೆಯಲ್ಲಿ ಮಾತ್ರ ಇಂಥ ಬಳಗವಿರಲು ಸಾಧ್ಯ. ನಮ್ಮ ಫಲಕದ ಮೇಲಿನ ವೈನ್ ಎಂಬುದು ಆ ಬಳಗವನ್ನೆಲ್ಲ ಹಿಂದೆ ಬಿಟ್ಟು ಒಂಟಿಯಾಗಿ ಹೊರಟು ಬಂದ ಮಾತು.

ಈ ವೀನುಮ್ ಎಂಬ ಮಾತಿನ ಮೂಲವೇನು ಎಂದು ರೋಮನ್ ಪಂಡಿತರೂ ಯೋಚಿಸಿದ್ದುಂಟು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿದ್ದ ವಾರೋ ಎಂಬ ಮಹಾಪಂಡಿತನು, ‘ವೀಸ್’ ಎಂದರೆ ಬಲ, ಅದರಿಂದ ವೀನುಮ್ ಎಂದು ಹೇಳಿದನು. ಅವನಿಗೆ ಏಳುನೂರು ವರ್ಷಗಳ ತರುವಾಯ ಸ್ಪೇನ್ ದೇಶದಲ್ಲಿದ್ದ ಇಸಿಡೋರನೆಂಬ ಧರ್ಮಗುರುವು, ಕುಡಿದೊಡನೆಯೇ ‘ವೇನ’ಗಳನ್ನು, ಎಂದರೆ ನಾಳಗಳನ್ನು, ರಕ್ತದಿಂದ ತುಂಬುವುದರಿಂದ ವೀನುಮ್ ಎಂದನು. ಎರಡೂ ಕೇಳಲು ಸೊಗಸಾಗಿವೆ, ಎರಡೂ ಸರಿಯಲ್ಲ. ಕಿವಿಗೆ ಹತ್ತಿರವಾದುದೆಲ್ಲ ಕುಲಕ್ಕೆ ಹತ್ತಿರವಲ್ಲ ಎಂಬುದು ಭಾಷಾಶಾಸ್ತ್ರದ ಮೊದಲನೆಯ ಪಾಠ.

ನಾವು ರೋಮನರನ್ನು ನೋಡಿ ನಗಬೇಕಾದುದಿಲ್ಲ. ರಾಮಾಯಣದ ಬಾಲಕಾಂಡದಲ್ಲಿ ಸಮುದ್ರಮಥನದ ಕಥೆ ಬರುತ್ತದೆಯಷ್ಟೆ. ಕಡಲಿನಿಂದ ಹುಟ್ಟಿದ ವಾರುಣಿಯನ್ನು, ಎಂದರೆ ಸುರೆಯ ಅಧಿದೇವತೆಯನ್ನು, ಸ್ವೀಕರಿಸಿದವರು ಸುರರಾದರು, ಬೇಡವೆಂದವರು ಅಸುರರಾದರು ಎಂದು ಅಲ್ಲಿ ಹೇಳಿದೆ. ಭಾಷಾಶಾಸ್ತ್ರಜ್ಞರು ಹೇಳುವುದು ಬೇರೆ. ಅಸುರ ಎಂಬುದೇ ಹಳೆಯ ಮಾತು. ಅದರ ಮೊದಲಿನ ಅಕಾರವನ್ನು ನಿಷೇಧಾರ್ಥದ್ದೆಂದು ಭ್ರಮಿಸಿದವರು ಅದನ್ನು ಕತ್ತರಿಸಿ ಸುರ ಎಂಬ ಹೊಸ ಮಾತನ್ನು ಮಾಡಿಕೊಂಡರು. ನಮ್ಮ ಹಳ್ಳಿಗಳಲ್ಲಿಯೂ, ಬುದ್ಧಿಯನ್ನು ಕದಿಯುವುದರಿಂದ ಕಳ್ಳು ಎಂದು ಹೇಳುವವರಿದ್ದಾರೆ. ನೀತಿಯಾಗಿ ಅದು ಒಪ್ಪಿಗೆ, ನಿರುಕ್ತವಾಗಿ ಅಲ್ಲ. ಕದಿಯುವ ‘ಕಳ್’ ಬೇರೆ, ಕುಡಿಯುವ ‘ಕಳ್’ ಬೇರೆ ಎಂದು ದ್ರಾವಿಡ ನಿಘಂಟುಕಾರರು ಇಟ್ಟಿದ್ದಾರೆ. ಕುಡಿಯುವ ಕಳ್ಳಿಗೆ ಹತ್ತಿರದ ನಂಟೆಂದರೆ ತಮಿಳಿನಲ್ಲಿ ಹಿಗ್ಗುವುದು, ಮದವೇರುವುದು ಎಂಬ ಅರ್ಥವುಳ್ಳ ‘ಕಳಿ’ ಎಂಬ ಮಾತು.

ಹಾಗಾದರೆ ವೀನುಮ್ ಎಂಬುದರ ನಿಜವಾದ ಮೂಲ ಯಾವುದು? ಇಲ್ಲಿ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಗ್ರೀಕರ ‘ಒಯ್ನೊಸ್’, ಪ್ರಾಚೀನ ಹಿಟ್ಟೈಟರ ‘ವಿಯನ’, ಆರ್ಮೀನಿಯದವರ ‘ಗಿನಿ’, ಇವೆಲ್ಲ ವೀನುಮ್‌ನ ಒಡಹುಟ್ಟಿದವು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಬೇರೆ ಕುಲದ ಭಾಷೆಗಳಾದ ಹೀಬ್ರೂವಿನಲ್ಲಿ ‘ಯಯಿನ್’ ಎಂದೂ, ಅರಬ್ಬಿಯಲ್ಲಿ ‘ವಯ್ನ್’ ಎಂದೂ, ಜಾರ್ಜಿಯದ ಭಾಷೆಯಲ್ಲಿ ‘ಘ್ವಿನೊ’ ಎಂದೂ ಇದನ್ನೇ ಹೋಲುವ ಮಾತುಗಳಿವೆ. ಆದುದರಿಂದ ಇದು ಯಾವ ಒಂದು ಕುಲಕ್ಕೂ ಸೇರದೆ ಪದಾರ್ಥದೊಡನೆ ಊರಿಂದೂರಿಗೆ ಅಲೆದ ಮಾತು ಎಂಬುದು ಒಂದು ಪಕ್ಷ. ಕಪ್ಪು ಸಮುದ್ರಕ್ಕೂ ಕಾಸ್ಪಿಯನ್ ಸಮುದ್ರಕ್ಕೂ ನಡುವಣ ಬೆಟ್ಟದ ನಾಡು ದ್ರಾಕ್ಷಿಯ ತೌರುಮನೆಗಳಲ್ಲೊಂದು ಎಂಬುದು ಈ ಪಕ್ಷಕ್ಕೆ ಬಲ. ಅಲ್ಲಿಯ ಜಾರ್ಜಿಯ ದೇಶದಲ್ಲಿ ಸುಮಾರು 8,000 ವರ್ಷಗಳಷ್ಟು ಹಳೆಯ ಮಣ್ಣಿನ ಪಾತ್ರೆಗಳ ಚೂರುಗಳಲ್ಲಿ ದ್ರಾಕ್ಷಿಯ ಮದ್ಯದ ಕುರುಹುಗಳು ಸಿಕ್ಕಿದುದು 2017ರಲ್ಲಿ ಪ್ರಕಟವಾಯಿತು. ಆ ಕುರುಹುಗಳಲ್ಲಿ ಮುಖ್ಯವಾದುದು ಟಾರ್ಟಾರಿಕ್ ಆಮ್ಲ. ನಮ್ಮ ಹುಣಿಸೆಯ ಹಣ್ಣಿಗೆ ಹುಳಿಯನ್ನು ಕೊಡುವುದೂ ಅದೇ.

ಇನ್ನೊಂದು ಪಕ್ಷದವರು ಇದನ್ನು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳ ಮೂಲಕುಲಕ್ಕೇ ಸೇರಿಸುತ್ತಾರೆ. ಆ ಮೂಲಭಾಷೆಯಲ್ಲಿ ಸುತ್ತು, ಹೆಣೆ, ಬಳಸು ಎಂಬ ಅರ್ಥವುಳ್ಳ ಒಂದು ಧಾತುವಿತ್ತು. ಬಳ್ಳಿಯು ಸುತ್ತಿಕೊಂಡು ಬೆಳೆಯುವುದರಿಂದ ಲ್ಯಾಟಿನ್ನಿನ ವೀತಿಸ್ ಅದೇ ಧಾತುವಿನಿಂದ ಹುಟ್ಟಿತು. ವೀನುಮ್ ಎಂಬುದೂ ಅದರಿಂದಲೇ ಎಂದು ಇವರ ಮತ. ಇದರಲ್ಲಿ ನಮಗೊಂದು ವಿನೋದವಿದೆ. ಅದೇ ಧಾತುವಿನಿಂದ ಸಂಸ್ಕೃತದಲ್ಲಿ ಹುಟ್ಟಿದ ಮಾತು ವೇತಸ, ಎಂದರೆ ಬಾಗುವ, ಹೆಣೆಯಲು ಬರುವ ಜೊಂಡು. ಅದರ ಸಂಬಂಧಿ ವೇತ್ರ. ವೇತ್ರವು ಪ್ರಾಕೃತದಲ್ಲಿ ವೆತ್ತವಾಗಿ, ಕನ್ನಡದಲ್ಲಿ ಬೆತ್ತವಾಯಿತು. ಈ ಪಕ್ಷವನ್ನು ಒಪ್ಪಿದರೆ ಕುಡುಕನ ಬಟ್ಟಲಲ್ಲಿರುವುದಕ್ಕೂ ಉಪಾಧ್ಯಾಯನ ಕೈಯಲ್ಲಿದ್ದುದಕ್ಕೂ ದೂರದ ದಾಯಾದಿ ಸಂಬಂಧ ಏರ್ಪಡುತ್ತದೆ.

ಇನ್ನು ಈ ಮಾತು ಇಂಗ್ಲಿಷಿಗೆ ಬಂದ ಬಗೆಯನ್ನು ನೋಡೋಣ. ಪ್ರಾಚೀನ ರೋಮನರು ವೀನುಮ್‌ನ ಮೊದಲಿನ ವಕಾರವನ್ನು ಹಲ್ಲು ತಾಗಿಸದೆ, ತುಟಿಗಳನ್ನು ಗುಂಡಾಗಿಸಿ ನುಡಿಯುತ್ತಿದ್ದರು. ಆ ಕಾಲದಲ್ಲಿಯೇ ಅವರೊಡನೆ ವ್ಯಾಪಾರಮಾಡುತ್ತಿದ್ದ ಉತ್ತರದ ಜರ್ಮಾನಿಕ್ ಜನರು ಪದಾರ್ಥವನ್ನೂ ಹೆಸರನ್ನೂ ಒಟ್ಟಿಗೆ ಕೊಂಡರು. ಹಳೆಯ ಇಂಗ್ಲಿಷಿನಲ್ಲಿ ಅದು ‘ವೀನ್’ ಎಂದಾಯಿತು. ಬಹುಕಾಲ ಹಾಗೆಯೇ ಇದ್ದು, ಹದಿನೈದನೆಯ ಶತಮಾನದ ಈಚೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನಪಲ್ಲಟ ಹೊಂದಿದಾಗ ಈಕಾರವು ಐಕಾರವಾಯಿತು. ವೀನ್ ಎಂಬುದು ವೈನ್ ಆಯಿತು. ರೋಮನರ ವಕಾರವು ಮುಂದೆ ಹಲ್ಲು ತಾಗುವ ವಕಾರವಾಗಿ ಬದಲಾದ ಮೇಲೆ, ಅದೇ ಬಳಗದ ಮಾತುಗಳು ಫ್ರೆಂಚ್ ಭಾಷೆಯ ಮೂಲಕ ಎರಡನೆಯ ಸಲ ಇಂಗ್ಲಿಷಿಗೆ ಬಂದವು. ಬಳ್ಳಿಗೆ ಇಂಗ್ಲಿಷಿನಲ್ಲಿರುವ ಹೆಸರು ಹೀಗೆ ಬಂದದ್ದು. ನಮ್ಮ ಅಡಿಗೆಮನೆಗೂ ಬಂದಿರುವ ವಿನೆಗರ್ ಹೀಗೆಯೇ ಬಂದದ್ದು. ಅದರ ಅಕ್ಷರಾರ್ಥ ಹುಳಿಯಾದ ವೈನ್. ಹೀಗಾಗಿ ಇಂಗ್ಲಿಷಿನಲ್ಲಿ ಬಳ್ಳಿಗೂ ಮದ್ಯಕ್ಕೂ ಬೇರೆ ಬೇರೆ ವಕಾರಗಳಿವೆ. ಕನ್ನಡದ ವಕಾರ ಒಂದೇ. ಆದುದರಿಂದ ನಮ್ಮ ಲಿಪಿಯಲ್ಲಿ ಬರೆದರೆ ಬಳ್ಳಿಯೂ ವೈನ್, ಮದ್ಯವೂ ವೈನ್. ಇಂಗ್ಲಿಷು ಬೇರೆಮಾಡಿದ ತಾಯಿಮಗಳನ್ನು ಕನ್ನಡವು ತಿಳಿಯದೆಯೇ ಒಂದುಗೂಡಿಸಿದೆ.

ಈ ಪದಾರ್ಥವು ಇಂಗ್ಲಿಷರ ಹಡಗಿನಲ್ಲಿಯೇ ಮೊದಲು ನಮ್ಮ ದೇಶಕ್ಕೆ ಬಂದಿತೆಂದು ತಿಳಿಯಬೇಡಿ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆ ಬಲ್ಲ ವರ್ತಕನೊಬ್ಬನು ಬರೆದ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿಯಲ್ಲಿ, ನಮ್ಮ ಪಶ್ಚಿಮ ತೀರದ ಭರುಕಚ್ಛಕ್ಕೆ ಇಟಲಿಯ ವೈನ್ ಬರುತ್ತಿತ್ತೆಂದೂ, ಕೇರಳದ ಮುಚಿರಿಗೆ ಸ್ವಲ್ಪಮಟ್ಟಿಗೆ ಬರುತ್ತಿತ್ತೆಂದೂ ಲೆಕ್ಕವಿದೆ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ 1945ರಲ್ಲಿ ವೀಲರ್ ಸಾಹೇಬರು ನೆಲವನ್ನು ಅಗೆಸಿದಾಗ, ಇಂಥ ಸರಕನ್ನು ತುಂಬಿ ತರುತ್ತಿದ್ದ ಎರಡು ಹಿಡಿಯ ಮಣ್ಣಿನ ಜಾಡಿಗಳ ಚೂರುಗಳು ದೊರೆತವು. ರೋಮನರ ಹಣವಂತೂ ನಮ್ಮ ಒಳನಾಡಿನವರೆಗೂ ಬಂದಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿಯ ನಾಣ್ಯಗಳ ಒಂದು ನಿಧಿಯೇ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಅಂಥ ನಾಣ್ಯಗಳು ಸಿಕ್ಕಿವೆ. ಆ ಬೆಳ್ಳಿಯ ನಾಣ್ಯದ ಹೆಸರು ದೇನಾರಿಯುಸ್. ಅದರಿಂದ ಸಂಸ್ಕೃತದಲ್ಲಿ ‘ದೀನಾರ’ ಎಂಬ ಮಾತು ಹುಟ್ಟಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ರೋಮನರ ಹಣವೂ ಬಂದಿತು, ಮದ್ಯವೂ ಬಂದಿತು. ಹಣದ ಹೆಸರು ನಮ್ಮಲ್ಲಿ ನಿಂತಿತು. ಮದ್ಯದ ಹೆಸರು ನಿಲ್ಲಲಿಲ್ಲ. ಏಕೆಂದರೆ ಅದರ ಅವಶ್ಯಕತೆ ಇರಲಿಲ್ಲ. ದ್ರಾಕ್ಷಿಯ ಮದ್ಯಕ್ಕೆ ಸಂಸ್ಕೃತದಲ್ಲಿ ಆಗಲೇ ಹೆಸರಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯವನ್ನು ಹೇಳುವ ಪ್ರಕರಣದಲ್ಲಿ, ಮೃದ್ವೀಕೆಯ ರಸಕ್ಕೆ, ಎಂದರೆ ದ್ರಾಕ್ಷಿಯ ರಸಕ್ಕೆ, ‘ಮಧು’ ಎಂದು ಹೆಸರು ಕೊಟ್ಟಿದೆ. ಅದು ಬರುವ ದೇಶವನ್ನು ಹಿಡಿದು ಕಾಪಿಶಾಯನ, ಹಾರಹೂರಕ ಎಂದು ಎರಡು ಬಗೆಯನ್ನೂ ಹೇಳಿದೆ. ಕಾಪಿಶಿಯೆಂಬುದು ಈಗಿನ ಕಾಬೂಲಿನ ಕಡೆಯ ಪ್ರದೇಶ. ಮಧು ಎಂದರೆ ಮೊದಲಲ್ಲಿ ಜೇನು. ಜೇನಿನ ಮದ್ಯಕ್ಕೆ ಇಂಗ್ಲಿಷಿನಲ್ಲಿರುವ ‘ಮೀಡ್’ ಎಂಬ ಮಾತು ಈ ಮಧುವಿನ ಖಾಸಾ ತಂಗಿ.

ಈಗ ಕನ್ನಡಕ್ಕೆ ಬರೋಣ. ಮಾದಕ ಪಾನೀಯಗಳಿಗೆ ಜನರು ಇಟ್ಟಿರುವ ಹೆಸರುಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದರೆ ಅವು ಮೂರು ತೆರನಾಗಿ ಕಾಣುತ್ತವೆ.

ಮೊದಲನೆಯವು, ಯಾವುದರಿಂದ ಆದುದು ಎಂಬುದನ್ನು ಹೇಳುವ ಹೆಸರುಗಳು. ಈಚಲ ಹೆಂಡ ಎಂದರೆ ಮರವು ಕಣ್ಣಿಗೆ ಕಟ್ಟುತ್ತದೆ. ಮನುಸ್ಮೃತಿಯಲ್ಲಿ ಸುರೆಯನ್ನು ಮೂರು ವಿಧವೆಂದು ಹೇಳಿದೆ: ಬೆಲ್ಲದಿಂದಾದುದು ಗೌಡಿ, ಹಿಟ್ಟಿನಿಂದಾದುದು ಪೈಷ್ಟಿ, ಮಧುವಿನಿಂದಾದುದು ಮಾಧ್ವಿ. ಇವು ಮೂರೂ ಪ್ರಾಮಾಣಿಕವಾದ ಹೆಸರುಗಳು. ಗುಡ ಎಂದರೆ ಬೆಲ್ಲ, ಅದರಿಂದ ಗೌಡಿ. ನಮ್ಮ ಊರುಗಳ ಗೌಡರಿಗೂ ಈ ಗೌಡಿಗೂ ಸಂಬಂಧವಿಲ್ಲ. ಗೌಡ ಎಂಬುದು ಗಾವುಂಡ ಎಂಬ ಶಾಸನದ ಮಾತಿನಿಂದ ಬಂದದ್ದು.

ಎರಡನೆಯವು, ಕುಡಿದರೆ ಏನಾಗುತ್ತದೆ ಎಂಬುದನ್ನು ಹೇಳುವ ಹೆಸರುಗಳು. ಇವುಗಳಲ್ಲಿ ಮುಖ್ಯವಾದುದು ಮದ್ಯ. ಮದವನ್ನು ಉಂಟುಮಾಡುವುದು ಮದ್ಯ. ಈ ‘ಮದ್’ ಧಾತುವಿಗೆ ಲ್ಯಾಟಿನ್ನಿನಲ್ಲಿ ನಿಜವಾದ ಸೋದರನಿದ್ದಾನೆ. ಅಲ್ಲಿ ‘ಮದೇರೆ’ ಎಂದರೆ ತೊಯ್ದಿರುವುದು, ತೊಟ್ಟಿಕ್ಕುವುದು. ಕುಡಿದು ಅಮಲೇರಿರುವುದು ಎಂದೂ ಅರ್ಥವುಂಟು. ಆನೆಯ ಕಪೋಲದಿಂದ ಸುರಿಯುವ ಮದಜಲವನ್ನು ನೆನೆದರೆ ತೊಯ್ಯುವುದಕ್ಕೂ ಸೊಕ್ಕುವುದಕ್ಕೂ ಒಂದೇ ಮಾತು ಹೇಗಾಯಿತೆಂಬುದು ತಾನೇ ಹೊಳೆಯುತ್ತದೆ. ನಮಗೂ ರೋಮನರಿಗೂ ಈ ವಿಷಯದಲ್ಲಿ ಸಾಲದ ಸಂಬಂಧವಲ್ಲದ ರಕ್ತಸಂಬಂಧವೊಂದಿದ್ದರೆ ಅದು ವೈನಿನಲ್ಲಿಲ್ಲ, ಮದದಲ್ಲಿದೆ.

ಮೂರನೆಯವು ಮರೆಮಾಡುವ ಹೆಸರುಗಳು. ವಿಸ್ಕಿ ಎಂಬುದು ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಗೇಲಿಕ್ ಜನರ ಮಾತು. ಅದರ ಪೂರ್ಣರೂಪಕ್ಕೆ ಜೀವಜಲವೆಂದು ಅರ್ಥ. ಅದೂ ‘ಆಕ್ವಾ ವೀಟೇ’ ಎಂಬ ಲ್ಯಾಟಿನ್ ನುಡಿಯ ತರ್ಜುಮೆ. ಅರಕು ಎಂಬುದು ಅರಬ್ಬಿಯಲ್ಲಿ ಬೆವರು. ಭಟ್ಟಿಯ ಮೂತಿಯಲ್ಲಿ ಹನಿಹನಿಯಾಗಿ ಇಳಿಯುವುದರಿಂದ ಆ ಹೆಸರು. ಷರಾಬು ಎಂದರೆ ಬರಿಯ ಪಾನೀಯ. ಬೇಸಗೆಯಲ್ಲಿ ನಾವು ಕುಡಿಯುವ ಷರಬತ್ತೂ ಅದೇ ಧಾತುವಿನದು. ಆಲ್ಕೋಹಾಲ್ ಎಂಬುದು ಅರಬ್ಬಿಯಲ್ಲಿ ಕಣ್ಣಿಗೆ ಹಚ್ಚುವ ಕಪ್ಪಿನ ನುಣುಪಾದ ಪುಡಿ. ಅದು ಯೂರೋಪಿಗೆ ಹೋಗಿ, ಯಾವುದೇ ಪದಾರ್ಥದ ಶುದ್ಧ ಸಾರವೆಂಬ ಅರ್ಥವನ್ನು ಪಡೆದು, ‘ಆಲ್ಕೋಹಾಲ್ ವೀನೀ’ ಎಂದರೆ ವೈನಿನ ಸಾರವೆಂದಾಯಿತು. ಕಾಲಕ್ರಮದಲ್ಲಿ ವೀನೀ ಬಿದ್ದುಹೋಗಿ ಆಲ್ಕೋಹಾಲ್ ಉಳಿಯಿತು. ಬ್ರಾಂದಿಯ ಕಥೆಯೂ ಇಂಥದೇ. ಡಚ್ಚರು ಭಟ್ಟಿಯಿಳಿಸಿದ ವೈನಿಗೆ ‘ಬ್ರಾಂಡೆವೈನ್’ ಎಂದರು. ಸುಟ್ಟ ವೈನ್ ಎಂದು ಅದರ ಅರ್ಥ. ಇಂಗ್ಲಿಷರು ಅದನ್ನು ತಂದು ವೈನನ್ನು ಬಿಟ್ಟು ಬ್ರಾಂದಿಯನ್ನಿಟ್ಟುಕೊಂಡರು. ಈ ಎರಡು ಮಾತುಗಳಲ್ಲಿಯೂ ವೈನ್ ಎಂಬ ಹೆಸರು ಉದುರಿಹೋಯಿತು. ನಮ್ಮ ಅಂಗಡಿಯ ಫಲಕದಲ್ಲಿ ಹೆಸರು ನಿಂತು ಪದಾರ್ಥವೇ ಉದುರಿಹೋಯಿತು.

ಮರೆಮಾಡುವ ಹೆಸರುಗಳಲ್ಲಿ ಅಗ್ರಸ್ಥಾನವನ್ನು ಸರ್ಕಾರದ ಮಾತಿಗೇ ಕೊಡಬೇಕು. ಅಬಕಾರಿ ಎಂಬುದು ಪಾರಸಿಯ ಮಾತು. ‘ಆಬ್’ ಎಂದರೆ ನೀರು. ಅಬಕಾರಿ ಎಂದರೆ ನೀರಿನ ಕೆಲಸ. ಈ ಅರ್ಥವನ್ನು ಅರಿತವನು ಶಿವನಸಮುದ್ರಕ್ಕೆ ಹೋದರೆ ಅವನಿಗೆ ನಗು ಬಾರದೆ ಇರದು. ನಿಜವಾದ ನೀರಿನ ಕೆಲಸ ನಡೆದಿರುವುದು ಅಲ್ಲಿ. ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುವ ಕಾವೇರಿಯ ನೀರಿನ ಒಂದು ಪಾಲನ್ನು ಕೊಳವೆಗಳಲ್ಲಿ ಇಳಿಸಿ, ಅದರ ವೇಗದಿಂದ ಚಕ್ರಗಳನ್ನು ತಿರುಗಿಸಿ, 1902ರಲ್ಲಿ ಅಲ್ಲಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಕಳುಹಿಸಿದರು. ಆ ಚಕ್ರಕ್ಕೆ ಟರ್ಬೈನ್ ಎಂದು ಹೆಸರು. ಅದೂ ಲ್ಯಾಟಿನ್ ಮೂಲದ್ದೇ. ‘ತುರ್ಬೋ’ ಎಂದರೆ ಸುಂಟರಗಾಳಿ ಅಥವಾ ಬುಗುರಿ. ಬುಗುರಿಯಂತೆ ಸುತ್ತುವುದು ಟರ್ಬೈನ್. ಈ ಮಾತು ತಾನು ಏನು ಮಾಡುತ್ತೇನೆಂಬುದನ್ನು ಹೇಳುತ್ತದೆ, ಹೇಳಿದುದನ್ನು ಮಾಡುತ್ತದೆ. ಒಂದೇ ಭಾಷೆಯಿಂದ ಒಂದೇ ಸೀಮೆಗೆ ಬಂದ ಮಾತುಗಳಲ್ಲಿ ಒಂದು ಹೆಸರಿಗೆ ತಕ್ಕಂತೆ ದುಡಿಯುತ್ತಿದೆ. ಇನ್ನೊಂದು ಹೆಸರನ್ನು ಮಾತ್ರ ಮಾರುತ್ತಿದೆ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಮಾತಿನ ಅರ್ಥವು ಕಾಲಕಾಲಕ್ಕೆ ಹಿಗ್ಗುವುದು ಸಹಜವಲ್ಲವೆ, ಎಣ್ಣೆ ಎಂಬುದು ಎಳ್ಳಿನದಾಗಿದ್ದು ಈಗ ಕಡಲೆಕಾಯಿಯದೂ ಸೀಮೆಯದೂ ಆಗಿಲ್ಲವೆ ಎಂದು ಕೇಳಬಹುದು. ನಿಜ. ರೋಮನರೇ ಈ ಮಾತನ್ನು ಹಿಗ್ಗಿಸಿದ್ದರು. ಒಂದನೆಯ ಶತಮಾನದ ಪ್ಲಿನಿ ಎಂಬ ಗ್ರಂಥಕಾರನು ದ್ರಾಕ್ಷಿಯದಲ್ಲದ ವೈನುಗಳನ್ನು ಎಣಿಸುವಾಗ, ಖರ್ಜೂರದ ಜಾತಿಯ ಮರದಿಂದಾದುದನ್ನು ಮೊದಲು ಹೇಳಿ, ಪಾರ್ಥಿಯನರೂ ಭಾರತೀಯರೂ ಪೂರ್ವದೇಶದವರೆಲ್ಲರೂ ಅದನ್ನು ಬಳಸುತ್ತಾರೆಂದು ಬರೆದಿದ್ದಾನೆ. ನಮ್ಮ ಈಚಲೂ ಖರ್ಜೂರದ ಒಡಹುಟ್ಟಿದ ಮರವೇ. ಆದರೆ ಒಂದು ಅಂಶವನ್ನು ಗಮನಿಸಿ. ಪ್ಲಿನಿಯು ಇಂಥ ಮರದ್ದು ಎಂದು ಜೊತೆಯಲ್ಲಿಯೇ ಹೇಳಿದ್ದಾನೆ. ನಾವೂ ಸೀಮೆಎಣ್ಣೆ ಎನ್ನುವಾಗ ಸೀಮೆಯೆಂಬ ಮಾತನ್ನು ಬಿಡುವುದಿಲ್ಲ. ಬಿಟ್ಟರೆ ಒಗ್ಗರಣೆ ಕೆಡುತ್ತದೆ. ಮಾತು ಹಿಗ್ಗಲಿ, ಆದರೆ ಅದು ಯಾವುದರ ಹೆಸರೆಂದು ಕೇಳಿದವರಿಗೆ ಉತ್ತರ ದೊರೆಯಬೇಕು. ಫಲಕದ ಮೇಲಿನ ವೈನ್ಸ್ ಆ ಉತ್ತರವನ್ನು ಕೊಡುವುದಿಲ್ಲ.

ಉತ್ತರವಾದರೋ ಆ ಅಂಗಡಿಯ ಸುತ್ತಲ ಹೊಲದಲ್ಲಿಯೇ ಇದೆ. ಕನ್ನಂಬಾಡಿಯ ನೀರು ಹುಲಿಕೆರೆಯ ಸುರಂಗವನ್ನು ಹಾದು ಬಂದ ಮೇಲೆ ಈ ಸೀಮೆ ಕಬ್ಬಿನ ಸೀಮೆಯಾಯಿತು. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ಹಳ್ಳಿಹಳ್ಳಿಗಳಲ್ಲಿ ಆಲೆಮನೆಗಳು ಎದ್ದವು. ಕಬ್ಬಿನಿಂದ ಸಕ್ಕರೆಯನ್ನು ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದನ್ನು ಹುದುಗಿಸಿ ಭಟ್ಟಿಯಿಳಿಸಿದರೆ ಮದ್ಯಸಾರ. ನಮ್ಮ ದೇಶದಲ್ಲಿ ರಮ್ಮೆಂದೂ ಬ್ರಾಂದಿಯೆಂದೂ ವಿಸ್ಕಿಯೆಂದೂ ಅಗ್ಗದ ಬೆಲೆಗೆ ಮಾರುವುದರಲ್ಲಿ ಬಹುಭಾಗ ಈ ಕಾಕಂಬಿಯ ಸಾರಕ್ಕೆ ಬಣ್ಣ ವಾಸನೆಗಳನ್ನು ಕಟ್ಟಿದ್ದು. ಎಂದಮೇಲೆ ಇದಕ್ಕೆ ಶಾಸ್ತ್ರೋಕ್ತವಾದ ಹೆಸರು ಯಾವುದು? ವೈನ್ ಅಲ್ಲ, ಮನುಸ್ಮೃತಿಯ ಗೌಡಿ. ಮಳವಳ್ಳಿಯ ಸಂತೆಗೆ ಬಂದ ಕೂಲಿಯವನು ತಾನು ಬೆಳಗ್ಗೆ ಕಡಿದ ಕಬ್ಬಿನ ವಂಶದ್ದನ್ನೇ ಸಂಜೆಗೆ ರೋಮನ್ ಹೆಸರಿನಲ್ಲಿ ಕೊಂಡು ಕುಡಿಯುತ್ತಾನೆ.

ಹಾಗಾದರೆ ಹುದುಗಿಸಿದ ದ್ರಾಕ್ಷಿ ಹಳ್ಳಿಯವರಿಗೆ ಅಪರಿಚಿತವೆ? ಅದೂ ಅಲ್ಲ. ಗ್ರಂಧಿಗೆಯ ಅಂಗಡಿಯಲ್ಲಿ ದೊರೆಯುವ ದ್ರಾಕ್ಷಾರಿಷ್ಟವನ್ನು ನೋಡಿ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲವನ್ನೂ ಧಾತಕಿಯ ಹೂವನ್ನೂ ಸೇರಿಸಿ, ಬಾಯಿ ಮುಚ್ಚಿ ಇಟ್ಟು, ತಾನಾಗಿ ಹುದುಗಲು ಬಿಟ್ಟು ಮಾಡುವ ಔಷಧ ಅದು. ಬೆಲ್ಲವೂ ಸೇರಿರುವುದರಿಂದ ಅಚ್ಚ ವೀನುಮ್ ಎನ್ನಲಾಗದಿದ್ದರೂ, ವೀನುಮ್‌ಗೆ ಹತ್ತಿರದ ಪದಾರ್ಥವೆಂದರೆ ಅದೇ. ಬಾಣಂತಿಯರೂ ನಿಶ್ಶಕ್ತರೂ ಚಮಚದ ಅಳತೆಯಲ್ಲಿ ಅದನ್ನು ಕುಡಿದಿದ್ದಾರೆ. ಯಾರೂ ಅದನ್ನು ವೈನ್ ಎಂದು ಕರೆದಿಲ್ಲ. ಕನ್ನಡ ಬೈಬಲ್ಲಿನವರೂ ವೀನುಮ್ ಎಂಬುದಕ್ಕೆ ದ್ರಾಕ್ಷಾರಸ ಎಂಬ ನಮ್ಮದೇ ಮಾತನ್ನು ಬಳಸಿದರು. ಹೀಗೆ ದ್ರಾಕ್ಷಿ ಇದ್ದಲ್ಲಿ ವೈನ್ ಎಂಬ ಹೆಸರಿಲ್ಲ. ವೈನ್ ಎಂಬ ಹೆಸರಿದ್ದಲ್ಲಿ ದ್ರಾಕ್ಷಿ ಇಲ್ಲ.

ಈ ಹೆಸರು ಇಷ್ಟು ಬೇಗ ಹರಡಿದುದಕ್ಕೆ ಕಾರಣವೂ ಗೂಢವಲ್ಲ. ಹೆಂಡ, ಸಾರಾಯಿ ಎಂಬ ಮಾತುಗಳಿಗೆ ಕನ್ನಡದಲ್ಲಿ ಒಂದು ನಾಚಿಕೆ ಅಂಟಿಕೊಂಡಿತ್ತು. ರಾಜರತ್ನಂ ಅವರ ರತ್ನನು ಎಂಡಕುಡುಕನೆಂದೇ ಪ್ರಸಿದ್ಧನಾದವನು. ಈ ಸೀಮೆಯ ಹಳ್ಳಿಗರ ಬಾಯಲ್ಲಿರುವಂತೆ ಹಕಾರವಿಲ್ಲದ ಆ ‘ಎಂಡ’ದಲ್ಲಿ ಅವನ ಬಡತನವೂ ಅವನ ನಿಷ್ಕಪಟವೂ ಎರಡೂ ಇವೆ. ಅವನನ್ನು ವೈನ್ ಕುಡಿಯುವವನೆಂದು ಕರೆದರೆ ಅವನ ಬಡತನವೇ ಮರೆಯಾಗುತ್ತದೆ. ಸಾರಾಯಿಯ ಮಾರಾಟವನ್ನು ಕರ್ನಾಟಕದಲ್ಲಿ 2007ರ ಜುಲೈ 1ರಿಂದ ನಿಲ್ಲಿಸಿದರು. ಅದೇ 2007ರಲ್ಲಿ ದ್ರಾಕ್ಷಿಯ ಬೆಳೆಗಾರರಿಗೆ ನೆರವಾಗಲೆಂದು ಸರ್ಕಾರವು ವೈನ್ ನೀತಿಯೊಂದನ್ನು ಹೊರಡಿಸಿತು. ದ್ರಾಕ್ಷಿಯ ರೈತನಿಗೆ ಅದರಿಂದ ಅನುಕೂಲವಾಗುವುದಾದರೆ ಸಂತೋಷವೇ. ಆದರೆ ಸಾರಾಯಿ ಕುಡಿಯುತ್ತಿದ್ದ ಬಡವನು ಹೋದುದು ದ್ರಾಕ್ಷಿಯ ತೋಟಕ್ಕಲ್ಲ, ವೈನ್ಸ್ ಎಂಬ ಫಲಕದ ಕೆಳಕ್ಕೆ. ಮಾತು ಬದಲಾಯಿತು, ನಾಚಿಕೆ ತೊಲಗಿತು. ಮನೆಯಲ್ಲಿ ಅಕ್ಕಿಯ ಡಬ್ಬ ಬರಿದಾಗುವುದು ಮಾತ್ರ ಬದಲಾಗಲಿಲ್ಲ.

ಇದನ್ನು ಚೆನ್ನಾಗಿ ಅರಿತವರು ಹೆಂಗಸರು. 2019ರ ಜನವರಿಯಲ್ಲಿ ನಮ್ಮ ರಾಜ್ಯದ ಹಳ್ಳಿಗಳ ಸಾವಿರಾರು ಹೆಣ್ಣುಮಕ್ಕಳು ಈ ಮಾರಾಟವನ್ನು ನಿಲ್ಲಿಸಬೇಕೆಂದು ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದರು. ತಮ್ಮ ಚಳವಳಿಗೆ ಅವರು ಇಟ್ಟುಕೊಂಡ ಹೆಸರು ಮದ್ಯ ನಿಷೇಧ ಆಂದೋಲನ. ವೈನ್ ಎಂಬ ಮಾತನ್ನು ಅವರು ಮುಟ್ಟಲಿಲ್ಲ. ಬೀಜಯಾವುದು, ಬಳ್ಳಿ ಯಾವುದು ಎಂಬ ವಿಚಾರ ಅವರಿಗೆ ಬೇಕಾಗಿರಲಿಲ್ಲ. ಅದು ಮನೆಗೆ ಬಂದು ಏನು ಮಾಡುತ್ತದೆಂಬುದು ಅವರಿಗೆ ಗೊತ್ತಿತ್ತು. ಆ ಕೆಲಸವನ್ನು ನೇರವಾಗಿ ಹೇಳುವ ಮಾತನ್ನೇ ಅವರು ಆರಿಸಿಕೊಂಡರು. ಶಬ್ದಶಾಸ್ತ್ರದ ದೃಷ್ಟಿಯಿಂದಲೂ ಅದು ಸರಿಯಾದ ಆಯ್ಕೆ.

ಫಲಕಗಳನ್ನೆಲ್ಲ ಅಳಿಸಿ ಬೇರೆ ಬರೆಸಬೇಕೆಂದು ನಾನು ಹೇಳುವುದಿಲ್ಲ. ಮಾತುಗಳನ್ನು ಕಾಯಿದೆಯಿಂದ ತಿದ್ದಲು ಹೊರಟವರು ಗೆದ್ದುದು ಕಡಮೆ. ನನ್ನ ಅರಿಕೆ ಅದಕ್ಕಿಂತ ಸಣ್ಣದು. ಹೊಸದಾಗಿ ಅಕ್ಷರ ಕಲಿತ ಮಗು ಮೊದಲು ಓದುವುದು ಪುಸ್ತಕವನ್ನಲ್ಲ, ಬೀದಿಯ ಫಲಕಗಳನ್ನು. ನಮ್ಮ ಎಷ್ಟೋ ಮನೆಗಳಲ್ಲಿ ಹಾಗೆ ಓದುವ ಮಗುವೇ ಆ ವಂಶದಲ್ಲಿ ಅಕ್ಷರ ಕಲಿತ ಮೊದಲನೆಯ ತಲೆ. ಮಳವಳ್ಳಿಯ ಬಸ್ಸಿನ ನಿಲ್ದಾಣದ ಬಳಿ ಆ ಮಗು ಅಕ್ಷರ ಕೂಡಿಸಿ ಓದಿ, ವೈನ್ ಎಂದರೇನು ಎಂದು ಕೇಳಿದರೆ, ಸುಮ್ಮನಿರು ಎಂದು ಗದರಿಸಬೇಡಿ. ಅದು ರೋಮ್ ಎಂಬ ದೂರದ ಊರಿನವರು ದ್ರಾಕ್ಷಿಯ ಬಳ್ಳಿಯಿಂದ ಮಾಡಿದ ಪಾನೀಯಕ್ಕೆ ಇಟ್ಟಿದ್ದ ಹೆಸರು ಎಂದು ಹೇಳಿ. ಈ ಅಂಗಡಿಯಲ್ಲಿ ಹೆಚ್ಚಾಗಿ ಮಾರುವುದು ಅದಲ್ಲ, ನಮ್ಮ ಕಬ್ಬಿನ ಕಾಕಂಬಿಯಿಂದ ಇಳಿಸಿದ್ದು ಎಂದು ಹೇಳಿ. ನಮ್ಮ ಹಿರಿಯರು ಅದರ ಮೂಲವನ್ನು ನೋಡಿ ಗೌಡಿ ಎಂದರು, ಅದರ ಕೆಲಸವನ್ನು ನೋಡಿ ಮದ್ಯ ಎಂದರು ಎಂಬುದನ್ನೂ ತಿಳಿಸಿ. ಹೆಸರಿನ ಹಿಂದೆ ಏನಿದೆಯೆಂದು ನೋಡುವ ಅಭ್ಯಾಸ ಒಮ್ಮೆ ಬಂದರೆ ಆ ಮಗು ಮುಂದೆ ಬೇರೆ ಫಲಕಗಳನ್ನೂ ಹಾಗೆಯೇ ಓದೀತು.